ತಿದ್ದದೆ ಬಿಟ್ಟ ಕರಡು



ಅರವತ್ತಕ್ಕೆ ಅರಳು ಮರಳು ಎಂಬುದು ನಮ್ಮಲ್ಲಿ ಎಲ್ಲರೂ ಬಲ್ಲ ಗಾದೆ. ವಯಸ್ಸಾದವರು ಹಣೆಯ ಮೇಲಿದ್ದ ಕನ್ನಡಕವನ್ನು ಮನೆಯೆಲ್ಲ ಹುಡುಕಿದಾಗ, ನಿನ್ನೆ ಹೇಳಿದ ಕಥೆಯನ್ನೇ ಇಂದು ಹೊಸದೆಂಬಂತೆ ಹೇಳಿದಾಗ ಮಕ್ಕಳು ಈ ಮಾತನ್ನಾಡಿ ನಗುತ್ತಾರೆ; ಆ ಹಿರಿಯರೂ ಜೊತೆಗೆ ನಗುತ್ತಾರೆ. ಲೋಕ ಯಾವುದನ್ನು ಮೊದಲೇ ನಿರೀಕ್ಷಿಸಿರುತ್ತದೆಯೋ ಅದಕ್ಕೊಂದು ಗಾದೆಯನ್ನೂ ಸಿದ್ಧಮಾಡಿ ಇಟ್ಟಿರುತ್ತದೆ. ಗಾದೆಯಿದ್ದರೆ ಅರ್ಧ ಸಮಾಧಾನವೂ ಇದ್ದಂತೆ. ಆದರೆ ಐವತ್ತೊಂದಕ್ಕೆ ಅಂಥ ಗಾದೆಯಿಲ್ಲ. ನನ್ನ ಹೆಂಡತಿಗೆ ಈ ಕಾಯಿಲೆ ತೋರಿಕೊಂಡದ್ದು 2017ರಲ್ಲಿ, ಆಕೆಯ 51ನೆಯ ವಯಸ್ಸಿನಲ್ಲಿ.

ನಾವಿಬ್ಬರೂ ತಿದ್ದುವ ಕಸುಬಿನವರು. ನಾನು ಮೈಸೂರಿನ ಮುದ್ರಣಾಲಯಗಳಲ್ಲಿ ಕರಡು ತಿದ್ದುತ್ತಿದ್ದವನು. ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಕೆಲಸಕ್ಕೆ ಸೇರಿ, ಕಂಪ್ಯೂಟರಿನ ಕಾಲದಲ್ಲಿ ಬಿಟ್ಟು ಬಂದವನು. ಆಕೆ ಪ್ರೌಢಶಾಲೆಯಲ್ಲಿ ಗಣಿತದ ಅಧ್ಯಾಪಿಕೆ. ಮಾರ್ಚಿ ತಿಂಗಳು ಬಂತೆಂದರೆ ನಮ್ಮ ಮನೆಯ ಊಟದ ಮೇಜಿನ ಒಂದು ಬದಿಗೆ ಆಕೆಯ ಉತ್ತರಪತ್ರಿಕೆಗಳ ಕಟ್ಟು, ಇನ್ನೊಂದು ಬದಿಗೆ ನನ್ನ ಕರಡಚ್ಚಿನ ಕಟ್ಟು. ಇಬ್ಬರ ಕೈಯಲ್ಲೂ ಕೆಂಪು ಲೇಖನಿ. ಬೇರೆಯವರ ತಪ್ಪಿನಿಂದಲೇ ನಮ್ಮ ಮನೆಯ ಒಲೆ ಉರಿಯುತ್ತಿದೆ ಎಂದು ಆಕೆ ತಮಾಷೆ ಮಾಡುತ್ತಿದ್ದಳು. ತಪ್ಪನ್ನು ಕಂಡರೆ ಸುಮ್ಮನಿರಲಾಗದ ಚಟ ನನಗೆ ಹಾಗೆ ಅಂಟಿದ್ದು. ಅಂಗಡಿಯ ನಾಮಫಲಕ, ಮದುವೆಯ ಕರೆಯೋಲೆ, ಬಸ್ಸಿನ ಹಿಂದಿನ ಬರಹ ಇವುಗಳಲ್ಲಿ ಒಂದು ಒತ್ತಕ್ಷರ ತಪ್ಪಿದ್ದರೂ ನನ್ನ ಕಣ್ಣು ಅಲ್ಲಿ ಹೋಗಿ ನಿಲ್ಲುತ್ತಿತ್ತು. ಈ ಚಟದ ವಿಷಯವನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಮುಂದೆ ನಾನು ಮಾಡಿದ ತಪ್ಪುಗಳಿಗೆಲ್ಲ ಅದೇ ಮೂಲ.

ಮರೆವೆಂದರೆ ಹೆಸರು ಮರೆಯುವುದು, ಬೀಗದ ಕೈ ಮರೆಯುವುದು ಎಂದು ನಾವೆಲ್ಲ ತಿಳಿದಿದ್ದೇವೆ. ಈ ಕಾಯಿಲೆ ನಡುವಯಸ್ಸಿನಲ್ಲಿ ಬಂದಾಗ ಎಷ್ಟೋ ವೇಳೆ ಮರೆವಿನಿಂದ ಆರಂಭವಾಗುವುದಿಲ್ಲ. ಲೆಕ್ಕ ತಪ್ಪುತ್ತದೆ, ಮಾತಿನ ನಡುವೆ ಪದ ಸಿಗುವುದಿಲ್ಲ, ಕಣ್ಣು ಕಂಡರೂ ಕಣ್ಣಳತೆ ಕೈಕೊಡುತ್ತದೆ. ನಮ್ಮ ಮನೆಯಲ್ಲಿ ಅದು ಮೊದಲು ಕಾಣಿಸಿದ್ದು ಬಾಗಿಲ ಮುಂದಿನ ರಂಗೋಲಿಯಲ್ಲಿ. ಆಕೆಯದು ಚುಕ್ಕಿ ರಂಗೋಲಿ. 15 ಚುಕ್ಕಿಯಿಂದ ಹಿಡಿದು ಒಂದೊಂದೇ ಸಾಲಿಗೆ ಇಳಿಸುತ್ತ, ಅಳತೆಗೋಲಿಟ್ಟು ಎಳೆದಂತೆ ಚುಕ್ಕಿಗಳನ್ನಿಟ್ಟು, ಅವುಗಳ ಸುತ್ತ ಎಲ್ಲಿಯೂ ತುಂಡಾಗದ ಎಳೆಯನ್ನು ಸುತ್ತಿ ಹೊರಟ ಜಾಗಕ್ಕೇ ತಂದು ಮುಗಿಸುತ್ತಿದ್ದಳು. ಗಣಿತದವಳಲ್ಲವೆ? ಒಂದು ದಿನ ಬೆಳಗ್ಗೆ ಹಾಲು ತರಲು ಹೊರಟವನು ನೋಡುತ್ತೇನೆ, ಚುಕ್ಕಿಗಳು ಒಂದು ಮೂಲೆಗೆ ಒತ್ತಿಕೊಂಡಿವೆ. ಎಳೆ ಅರ್ಧಕ್ಕೆ ನಿಂತಿದೆ. ಆಕೆ ಹಿಟ್ಟಿನ ಬಟ್ಟಲು ಹಿಡಿದು ಅದನ್ನೇ ದಿಟ್ಟಿಸುತ್ತಿದ್ದಾಳೆ. “ಏನಾಯ್ತೇ?” ಎಂದೆ. “ಇದು ಎಲ್ಲಿಗೆ ಹೋಗಬೇಕು ಅಂತ ಹೊಳೀತಿಲ್ಲ ರೀ” ಎಂದಳು. ರಾತ್ರಿ ನಿದ್ದೆಯಾಗಿಲ್ಲವೇನೋ ಎಂದುಕೊಂಡು ನಾನು ಹಾಲಿಗೆ ನಡೆದೆ.

ಶಾಲೆಯಲ್ಲಿ ಅಂಕಪಟ್ಟಿಯ ಮೊತ್ತಗಳು ತಪ್ಪತೊಡಗಿದವು. ಹಲಗೆಯ ಮೇಲೆ ಪ್ರಮೇಯ ಬಿಡಿಸುತ್ತ ನಡುವೆ ನಿಂತುಬಿಡುತ್ತಾಳೆಂದು ಮಕ್ಕಳು ಮನೆಗಳಲ್ಲಿ ಹೇಳಿದರು. ಮೇಲಿನವರು ಅಲಕ್ಷ್ಯವೆಂದು ಕಾರಣ ಕೇಳಿ ಪತ್ರ ಕೊಟ್ಟರು. ಅದಕ್ಕೆ ಉತ್ತರವನ್ನು ನಾನೇ ಬರೆದುಕೊಟ್ಟೆ. ಬಹಳ ಚೆನ್ನಾಗಿ ಬರೆದೆನೆಂದು ಹೆಮ್ಮೆಯೂ ಪಟ್ಟೆ. ಒಬ್ಬ ವೈದ್ಯರು ಮುಟ್ಟು ನಿಲ್ಲುವ ಕಾಲದ ತೊಳಲಾಟವೆಂದರು. ಇನ್ನೊಬ್ಬರು ಖಿನ್ನತೆಯೆಂದು ಮಾತ್ರೆ ಕೊಟ್ಟರು. ಥೈರಾಯ್ಡ್ ಪರೀಕ್ಷೆಯಾಯಿತು, ಬಿ12 ಜೀವಸತ್ವದ ಪರೀಕ್ಷೆಯಾಯಿತು. ಇವುಗಳ ಕೊರತೆಯಿಂದಲೂ ಬುದ್ಧಿ ಮಂಕಾಗುವುದುಂಟು, ಆ ಮಂಕನ್ನು ಔಷಧಿಯಿಂದ ಸರಿಪಡಿಸಲೂಬಹುದು. ಆದ್ದರಿಂದ ಮೊದಲು ಅವನ್ನು ನೋಡುವುದೇ ಸರಿಯಾದ ಕ್ರಮ. ನಮ್ಮ ಪಾಲಿಗೆ ಅವೆಲ್ಲ ಸರಿಯಾಗಿಯೇ ಇದ್ದವು. ಹೀಗೆ 2 ವರ್ಷ ಕಳೆಯಿತು. 50 ದಾಟಿದ ಹೆಂಗಸಿಗೆ ಈ ಕಾಯಿಲೆ ಬಂದೀತೆಂದು ಯಾರಿಗೂ ತೋಚಲಿಲ್ಲ. ಅವರನ್ನು ದೂರಲಾರೆ, ಅದೇ ಮನೆಯಲ್ಲಿದ್ದ ನನಗೇ ತೋಚಿರಲಿಲ್ಲ.

2019ರ ಜೂನಿನಲ್ಲಿ ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದೆ. ಅಲ್ಲಿದ್ದ ಯುವ ವೈದ್ಯೆ ತುಂಬ ಸೌಜನ್ಯದವರು. ಕೆಲವು ಪ್ರಶ್ನೆ ಕೇಳಿದ ಮೇಲೆ, “ಮೇಡಂ, 100ರಿಂದ 7 ಕಳೆಯುತ್ತಾ ಹೋಗಿ” ಎಂದರು. ಇದು ಇಂಥ ಕಾಯಿಲೆಯವರಿಗೆಲ್ಲ ಕೊಡುವ ವಾಡಿಕೆಯ ಪರೀಕ್ಷೆ. 26 ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟವಳು 93 ಎಂದಳು. ಸ್ವಲ್ಪ ತಡೆದು 86 ಎಂದಳು. ಆಮೇಲೆ ತನ್ನ ಬೆರಳುಗಳನ್ನು ಸೆರಗಿನ ಮರೆಯಲ್ಲಿ ಒಂದೊಂದಾಗಿ ಮಡಿಸತೊಡಗಿದಳು. ವೈದ್ಯರು ನೋಡಬಾರದೆಂದು ಮರೆಮಾಡಿಕೊಂಡದ್ದು. ಪಕ್ಕದಲ್ಲಿ ಕುಳಿತ ನನಗೆ ಕಾಣುತ್ತಿತ್ತು. ಬಾಯಿಬಿಟ್ಟು 79 ಎಂದು ಹೇಳಿಕೊಡಬೇಕೆಂದು ನನ್ನ ನಾಲಗೆ ತವಕಿಸಿತು. ಗಡಿಯಾರದ ಚಿತ್ರ ಬರೆಯಲು ಹೇಳಿದರು. ವೃತ್ತವನ್ನೇನೋ ಬರೆದಳು, 12 ಅಂಕಿಗಳೂ ಬಲಗಡೆಗೇ ಬಂದು ಕಿಕ್ಕಿರಿದವು. ನಮ್ಮ ಬಾಗಿಲ ಮುಂದಿನ ಚುಕ್ಕಿಗಳು ಒಂದು ಮೂಲೆಗೆ ಸರಿದಿದ್ದವಲ್ಲ, ಹಾಗೆ. ತಲೆಯ ಚಿತ್ರ ತೆಗೆಸಿದರು. ಇನ್ನೂ ಕೆಲವು ಪರೀಕ್ಷೆಗಳಾದ ಮೇಲೆ ನನ್ನೊಬ್ಬನನ್ನು ಕೂರಿಸಿಕೊಂಡು ಆಲ್ಝೈಮರ್ ಕಾಯಿಲೆ ಎಂದರು.

ಈ ಹೆಸರು ಒಬ್ಬ ವೈದ್ಯನದು. ಜರ್ಮನಿಯ ಫ್ರಾಂಕ್‌ಫರ್ಟಿನ ಮಾನಸಿಕ ಆಸ್ಪತ್ರೆಗೆ 1901ರ ನವೆಂಬರಿನಲ್ಲಿ ಔಗುಸ್ಟೆ ಎಂಬ ಹೆಂಗಸನ್ನು ಕರೆತಂದರು. ಆಕೆಗೂ ಆಗ 51 ವರ್ಷ. ಗಂಡ ರೈಲ್ವೆಯಲ್ಲಿ ಗುಮಾಸ್ತ. ಆಲೊಯಿಸ್ ಆಲ್ಝೈಮರ್ ಆಕೆಯನ್ನು ಕೂರಿಸಿಕೊಂಡು ನಿನ್ನ ಹೆಸರೇನು, ಗಂಡನ ಹೆಸರೇನು, ಈಗ ತಿನ್ನುತ್ತಿರುವುದು ಏನು ಎಂದು ಕೇಳಿ, ಉತ್ತರಗಳನ್ನು ಅಕ್ಷರಶಃ ಬರೆದಿಟ್ಟ. ಹೆಸರು ಬರೆಯಲು ಹೇಳಿದರೆ ಆಕೆ ನಡುವೆ ನಿಂತು, ತಾನು ತನ್ನಿಂದಲೇ ಕಳೆದುಹೋಗಿದ್ದೇನೆ ಎಂಬರ್ಥದ ಮಾತನ್ನಾಡುತ್ತಿದ್ದಳಂತೆ. 1906ರ ಏಪ್ರಿಲಿನಲ್ಲಿ ಆಕೆ ತೀರಿಕೊಂಡ ಮೇಲೆ ಆ ವೈದ್ಯ ಆಕೆಯ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ನರಕೋಶಗಳ ಹೊರಗೆ ಕಟ್ಟಿಕೊಂಡ ಗರಣೆಗಳನ್ನೂ ಒಳಗೆ ಗೋಜಲಾದ ಎಳೆಗಳನ್ನೂ ಕಂಡ. ಆ ಗರಣೆ ಅಮಿಲಾಯ್ಡ್ ಎಂಬ ಪ್ರೋಟೀನಿನದು, ಆ ಗೋಜಲು ಟೌ ಎಂಬ ಇನ್ನೊಂದರದು ಎಂಬುದು ಬಹುಕಾಲದ ಮೇಲೆ ತಿಳಿದ ಸಂಗತಿ. 1910ರಲ್ಲಿ ಕ್ರೆಪೆಲಿನ್ ತನ್ನ ಪಠ್ಯಪುಸ್ತಕದಲ್ಲಿ ಈ ಕಾಯಿಲೆಗೆ ಆಲ್ಝೈಮರನ ಹೆಸರಿಟ್ಟ. ಅಂದು ಈ ಹೆಸರು ಇದ್ದದ್ದೇ ನಡುವಯಸ್ಸಿನವರ ಕಾಯಿಲೆಗೆ. ಮುದುಕರ ಮರೆವೂ ಬಹುಮಟ್ಟಿಗೆ ಇದೇ ಕಾಯಿಲೆಯೆಂದು ವೈದ್ಯಲೋಕ ಒಪ್ಪಿದ್ದು 1970ರ ದಶಕದ ಈಚೆಗೆ. ಈಗ ಹೆಸರು ಮುದುಕರ ಪಾಲಾಗಿದೆ, ಅದಕ್ಕೆ ಕಾರಣಳಾದ ಔಗುಸ್ಟೆಯ ವಯಸ್ಸಿನವರನ್ನು “ಇಷ್ಟು ಬೇಗ ಹೇಗೆ?” ಎಂದು ಜನ ಕೇಳುತ್ತಾರೆ.

ಆ ವೈದ್ಯನ ಟಿಪ್ಪಣಿಗಳಿದ್ದ ಕಡತ ಕಳೆದುಹೋಗಿದ್ದು, 1990ರ ದಶಕದಲ್ಲಿ ಮತ್ತೆ ದೊರೆಯಿತು. ಅದರ ವಿಚಾರವನ್ನು ಓದಿದಾಗಲೆಲ್ಲ ನನ್ನ ಮನಸ್ಸು ಆ ರೈಲ್ವೆ ಗುಮಾಸ್ತನ ಕಡೆಗೆ ಹೋಗುತ್ತದೆ. ಆಸ್ಪತ್ರೆಯ ಪ್ರಶ್ನೋತ್ತರ ಉಳಿಯಿತು. ಅದಕ್ಕೂ ಮೊದಲು ಆ ಮನೆಯಲ್ಲಿ ಬೆಳಗಾದದ್ದು ಹೇಗೆ, ಅಡಿಗೆ ಕೆಟ್ಟಾಗ ಅವನು ಏನೆಂದ, ಎಷ್ಟು ಸಲ ಅವಳನ್ನು ತಿದ್ದಿದ, ಇವು ಯಾವ ಕಡತಕ್ಕೂ ಸೇರುವ ಸಂಗತಿಗಳಲ್ಲ. ಇಂದು ನಾನು ಹೇಳಹೊರಟದ್ದು ಅಂಥವನ್ನೇ.

ವೈದ್ಯರು ಕಾಯಿಲೆಯ ಹೆಸರು ಹೇಳಿದ 3 ತಿಂಗಳಿಗೆ ಗೌರಿಹಬ್ಬ ಬಂತು. ಆಕೆ ಬೆಳಗಿನ ಜಾವ ನನಗಿಂತ ಮೊದಲೇ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿಯಿಟ್ಟಿದ್ದಳು. ಅದನ್ನು ರಂಗೋಲಿ ಎನ್ನುವಂತಿರಲಿಲ್ಲ. ಸೊಟ್ಟ ಗೆರೆಗಳು, ಅಲ್ಲಲ್ಲಿ ಹಿಟ್ಟಿನ ಗುಪ್ಪೆ. ಬೀದಿಯ ಹೆಂಗಸರು ಬಾಗಿನ ಕೊಡಲು ಬರುವ ದಿನ. ನೋಡಿದವರು ಏನೆಂದುಕೊಂಡಾರು ಎಂದು ನನಗೆ ನಾಚಿಕೆಯಾಯಿತು. ಆಕೆ ಒಳಗೆ ಸ್ನಾನಕ್ಕೆ ಹೋದ ಸಮಯ ನೋಡಿ ಒದ್ದೆ ಬಟ್ಟೆಯಿಂದ ಅದನ್ನು ಒರೆಸಿಹಾಕಿ, ಪೇಟೆಯಲ್ಲಿ ಸಿಗುವ ತೂತಿನ ಅಚ್ಚಿನಿಂದ ಒಂದು ಕಮಲದ ರಂಗೋಲಿ ಒತ್ತಿದೆ. ನೋಡಲು ಅಚ್ಚುಕಟ್ಟಾಗಿಯೇ ಬಂತು. ತಲೆಯೆತ್ತಿದರೆ ಆಕೆ ಹೊಸಲಿನೊಳಗೆ ನಿಂತಿದ್ದಳು. ಅತ್ತರೆ, ರೇಗಿದರೆ ಏನಾದರೂ ಹೇಳಬಹುದಿತ್ತು. ಆಕೆ ಮೆಲ್ಲಗೆ, “ನಂದು ತಪ್ಪಾಗಿತ್ತಾ ರೀ?” ಎಂದು ಕೇಳಿದಳು. ಉತ್ತರಪತ್ರಿಕೆ ಕೈಗೆ ಬಂದಾಗ ಹಿಂದಿನ ಬೆಂಚಿನ ಹುಡುಗಿ ಕೇಳುವ ಹಾಗಿತ್ತು ಆ ದನಿ. ಕಾಯಿಲೆಯ ಹೆಸರು ಗೊತ್ತಿದ್ದೂ, ಅದು ಮಿದುಳಿನ ಯಾವ ಭಾಗವನ್ನು ಮುಟ್ಟಿದೆಯೆಂದು ಚಿತ್ರ ನೋಡಿ ಬಂದಿದ್ದೂ ನಾನು ಆ ಕೆಲಸ ಮಾಡಿದ್ದೆ. ಆಮೇಲೆ ಆಕೆ ಎಷ್ಟೋ ದಿನ ಹಿಟ್ಟಿನ ಬಟ್ಟಲನ್ನೇ ಮುಟ್ಟಲಿಲ್ಲ.

ಇಷ್ಟಾದರೂ ನಾನು ಒಮ್ಮೆಗೇ ಪಾಠ ಕಲಿತೆನೆಂದು ಹೇಳಿದರೆ ಸುಳ್ಳಾದೀತು. ನನ್ನ ಅತ್ತೆಯವರು ಕಾಲವಾದದ್ದು 2009ರಲ್ಲಿ. ಒಂದು ಮಧ್ಯಾಹ್ನ ಆಕೆ, “ಅಮ್ಮ ಊಟಕ್ಕೆ ಇನ್ನೂ ಬರಲಿಲ್ಲವಲ್ಲ” ಎಂದಳು. ನಾನು ಸತ್ಯವನ್ನು ಹೇಳಿದೆ. ಅಂದು ಸ್ಮಶಾನದಿಂದ ಬಂದ ದಿನ ಅತ್ತಂತೆಯೇ ಅತ್ತಳು. ಸಮಾಧಾನ ಮಾಡಿ ಮಲಗಿಸಿದೆ. ಎದ್ದು ಮತ್ತೆ ಅದೇ ಪ್ರಶ್ನೆ. ಮತ್ತೆ ಸತ್ಯವನ್ನೇ ಹೇಳಿದೆ. ಮತ್ತೆ ಅದೇ ಅಳು. ಸಂಜೆ ಮೂರನೆಯ ಸಲವೂ ಹೇಳಿದೆ. ಒಂದೇ ದಿನದಲ್ಲಿ ಆಕೆಯ ತಾಯಿಯನ್ನು ಮೂರು ಬಾರಿ ಸಾಯಿಸಿದ್ದಾಯಿತು. ಸತ್ಯ ಹೇಳಿದೆನೆಂಬ ತೃಪ್ತಿ ನನ್ನದು, ದುಃಖ ಆಕೆಯದು. ಮರುದಿನ ಅದೇ ಮಾತು ಬಂದಾಗ, “ನಿಮ್ಮಮ್ಮ ಮಾಡುತ್ತಿದ್ದ ಹುಣಿಸೆ ಗೊಜ್ಜು ಹೇಗೆ, ನನಗೆ ಬರೋದೇ ಇಲ್ಲ, ಹೇಳೇ” ಎಂದೆ. ಆಕೆಯ ಮುಖ ಬೆಳಗಿತು. ಗೊಜ್ಜಿನಿಂದ ತವರಿನ ಹಿತ್ತಿಲು, ಹಿತ್ತಿಲಿನಿಂದ ಬಾವಿ, ಬಾವಿಯಿಂದ ಸೋದರಮಾವನ ಮದುವೆ. ಮಾತಿಗೆ ತುದಿಮೊದಲಿರಲಿಲ್ಲ, ಆದರೆ ಅಳುವೂ ಇರಲಿಲ್ಲ. ಹರಿಶ್ಚಂದ್ರನ ಕಥೆ ಕೇಳಿ ಬೆಳೆದ ನಾಡಿನವನು ನಾನು. ಆದರೂ ಈ ವಿಷಯದಲ್ಲಿ ನನಗೆ ಪಶ್ಚಾತ್ತಾಪವಿಲ್ಲ.

ನೆಂಟರ ವಿಚಾರ ಹೇಳದಿರುವುದೇ ಲೇಸು. ಬಾದಾಮಿ, ಒಂದೆಲಗ, ಹರಕೆ, ದೃಷ್ಟಿ ತೆಗೆಯುವುದು, ಎಲ್ಲ ಸಲಹೆಗಳೂ ಬಂದವು, ಬರುವವರು ಕಡಿಮೆಯಾದರು. 2020ರಲ್ಲಿ ಸಾಂಕ್ರಾಮಿಕದ ಕಾರಣ ಲೋಕವೆಲ್ಲ ಬಾಗಿಲು ಹಾಕಿಕೊಂಡು ಕುಳಿತಾಗ ನನಗೊಂದು ವಿಚಿತ್ರವಾದ ನೆಮ್ಮದಿ ಸಿಕ್ಕಿತು. ಅದೊಂದು ವರ್ಷ ಮಾತ್ರ ನಿಮ್ಮ ಮನೆಯವರೇಕೆ ಹೊರಗೆ ಕಾಣುತ್ತಿಲ್ಲ ಎಂದು ಯಾರೂ ಕೇಳಲಿಲ್ಲ.

ನಮ್ಮ ದೇಶದಲ್ಲಿ 60 ದಾಟಿದವರ ಪೈಕಿ ನೂರಕ್ಕೆ 7 ಮಂದಿಗಿಂತ ಹೆಚ್ಚು, ಅಂದರೆ ಸುಮಾರು 88 ಲಕ್ಷ ಜನ ಇಂಥ ಬುದ್ಧಿಕ್ಷಯದ ಕಾಯಿಲೆಗಳಿಗೆ ತುತ್ತಾಗಿದ್ದಾರೆಂದು 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿತು. ಪತ್ರಿಕೆಯಲ್ಲಿ ಅದನ್ನು ಓದಿ ನನ್ನ ಹಳೆಯ ಚಟ ಎದ್ದಿತು: ಈ ಲೆಕ್ಕದಲ್ಲಿ ಒಬ್ಬಳು ಬಿಟ್ಟುಹೋಗಿದ್ದಾಳೆ, ಏಕೆಂದರೆ ಆಕೆಗಿನ್ನೂ 60 ಆಗಿಲ್ಲ. ಹಿರಿಯ ನಾಗರಿಕಳಲ್ಲ, ಹಾಗೆಂದು ದುಡಿಯುವ ವಯಸ್ಸಿನವಳೆಂದು ಹೇಳುವಂತೆಯೂ ಇಲ್ಲ. 2019ರ ಕೊನೆಗೆ ಸ್ವಯಂನಿವೃತ್ತಿಯ ಅರ್ಜಿ ಬರೆದುಕೊಟ್ಟೆವು. ಆಗ ಮನೆಯ ಸಾಲದ ಕಂತು ಇನ್ನೂ 6 ವರ್ಷ ಇತ್ತು, ಮಗಳು ಓದುತ್ತಿದ್ದಳು. ಮುದುಕರಿಗೆ ಬಂದರೆ ಮಕ್ಕಳು ನೋಡಿಕೊಳ್ಳುತ್ತಾರೆ. ನಡುವಯಸ್ಸಿನವರಿಗೆ ಬಂದರೆ ಮಕ್ಕಳನ್ನೇ ಇನ್ನೂ ನೋಡಿಕೊಳ್ಳಬೇಕಾಗಿರುತ್ತದೆ.

ಮಗಳು ಒಂದು ರಾತ್ರಿ ಬಹಳ ಹೊತ್ತು ಸುಮ್ಮನಿದ್ದು, “ಅಪ್ಪ, ನನಗೂ ಬರುತ್ತಾ?” ಎಂದಳು. ಆ ಪ್ರಶ್ನೆಗೆ ಮಾತ್ರ ಗೊಜ್ಜಿನ ಉತ್ತರ ಕೊಡಲಾಗುವುದಿಲ್ಲ. ಅವಳನ್ನು ವೈದ್ಯರ ಬಳಿಗೇ ಕರೆದೊಯ್ದೆ. ಅವರು ಬಿಡಿಸಿ ಹೇಳಿದರು: ವಂಶಪಾರಂಪರ್ಯವಾಗಿ ಇಳಿದುಬರುವ ಬಗೆಯೊಂದಿದೆ, ಅದಕ್ಕೆ ಕಾರಣವಾಗುವ ಜೀನುಗಳಲ್ಲಿ ಮೂರನ್ನು ಗುರುತಿಸಲಾಗಿದೆ, ತಂದೆ ತಾಯಿಯರಲ್ಲಿ ಒಬ್ಬರಿಗೆ ಆ ದೋಷವಿದ್ದರೆ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಆದರೆ ಅದು ಅಪರೂಪ. ಅಂಥ ಮನೆತನಗಳಲ್ಲಿ ತಲೆಮಾರು ತಲೆಮಾರಿಗೂ ಚಿಕ್ಕ ವಯಸ್ಸಿನಲ್ಲೇ ಕಾಯಿಲೆ ಕಾಣಿಸಿಕೊಂಡಿರುತ್ತದೆ. ನಡುವಯಸ್ಸಿನಲ್ಲಿ ಬಂದವರಲ್ಲೂ ಹೆಚ್ಚಿನವರದು ಈ ಬಗೆಯದಲ್ಲ. ನನ್ನ ಅತ್ತೆ ಮಾವ ಇಬ್ಬರೂ 70 ದಾಟಿ, ಕೊನೆಯತನಕ ಹಾಲಿನ ಲೆಕ್ಕ ತಪ್ಪದೆ ಬಾಳಿದವರು. ರಕ್ತಪರೀಕ್ಷೆ ಬೇಕೆ ಎಂದು ಕೇಳಿದ್ದಕ್ಕೆ ಮಗಳು ಬೇಡವೆಂದಳು. ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಬೀಗದ ಕೈ ಎಲ್ಲಿಟ್ಟೆನೆಂದು ಮರೆತ ದಿನ ಮಾತ್ರ ನನಗೆ ಫೋನು ಮಾಡಿ, ಏನೂ ಹೇಳದೆ ಬೇರೇನೋ ಮಾತಾಡಿ ಇಡುತ್ತಾಳೆ. ನನಗೆ ತಿಳಿಯುತ್ತದೆ.

ಔಷಧದ ವಿಚಾರ ಎರಡೇ ಮಾತು. ಡೊನೆಪೆಜಿಲ್ ಎಂಬ ಮಾತ್ರೆ ಕೊಡುತ್ತಿದ್ದೇನೆ. ಅದು ಕಾಯಿಲೆಯನ್ನು ನಿಲ್ಲಿಸದು. ಇರುವ ಬೆಳಕನ್ನು ಸ್ವಲ್ಪ ಕಾಲ ಕೊಂಚ ಏರಿಸುತ್ತದೆ, ಅಷ್ಟೆ. ಅಮಿಲಾಯ್ಡನ್ನು ತೊಳೆದುಹಾಕುವ ಲೆಕಾನೆಮಾಬ್ ಎಂಬ ಹೊಸ ಔಷಧಕ್ಕೆ 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಮನ್ನಣೆ ಸಿಕ್ಕಿತು. ಅದೂ ವಾಸಿಮಾಡುವುದಿಲ್ಲ, ಓಟವನ್ನು ನಿಧಾನಗೊಳಿಸುತ್ತದೆ. ಅದೂ ಕಾಯಿಲೆಯ ಆರಂಭದಲ್ಲಿರುವವರಿಗೆ ಮಾತ್ರ. ಆ ಸುದ್ದಿ ಬರುವ ಹೊತ್ತಿಗೆ ಆಕೆ ಆರಂಭವನ್ನು ದಾಟಿ ಬಹುದೂರ ಬಂದಿದ್ದಳು. ಶಾಕುಂತಲದ ದುಷ್ಯಂತನಿಗೆ ಮೀನಿನ ಹೊಟ್ಟೆಯಿಂದ ಉಂಗುರವೊಂದು ದೊರೆತು ಮರೆತದ್ದೆಲ್ಲ ಒಮ್ಮೆಗೇ ಮರಳಿತಲ್ಲ, ನಮ್ಮ ಪಾಲಿಗೆ ಅಂಥ ಬೆಸ್ತನಿನ್ನೂ ಬಂದಿಲ್ಲ.

ಇನ್ನು ದಿನಚರಿ. ಬೆಳಗ್ಗೆ ಹಲ್ಲುಜ್ಜುವ ಬ್ರಷ್ಷನ್ನು ಕೈಗೆ ಕೊಟ್ಟರೆ ಅದರಿಂದ ತಲೆ ಬಾಚಿಕೊಳ್ಳಲು ನೋಡುತ್ತಾಳೆ. ಹಾಗಲ್ಲವೆಂದು ಹೇಳಿದರೆ ಪ್ರಯೋಜನವಿಲ್ಲ. ಎದುರಿಗೆ ನಿಂತು ನಾನೂ ಹಲ್ಲುಜ್ಜತೊಡಗಿದರೆ ನನ್ನನ್ನು ನೋಡಿ ತಾನೂ ಉಜ್ಜುತ್ತಾಳೆ. ಸ್ನಾನದ ನೀರನ್ನು ಮೊದಲು ಪಾದಕ್ಕೆ ಹಾಕಬೇಕು, ತಲೆಗೆ ಸುರಿದರೆ ಹೆದರುತ್ತಾಳೆ. ಸೀರೆಯ ನೆರಿಗೆ ಹಿಡಿಯುವುದು ಆಕೆಗೆ ಮರೆತುಹೋಯಿತು; ನನಗೋ ಅದು ಬಂದದ್ದೇ ಇಲ್ಲ. ಪಕ್ಕದ ಬೀದಿಯ ದರ್ಜಿಯಿಂದ ನಾಲ್ಕು ಸೀರೆಗಳ ನೆರಿಗೆಯನ್ನು ಹೊಲಿಸಿಟ್ಟಿದ್ದೇನೆ. ಚೂಡಿದಾರ ಹಾಕಬಹುದಲ್ಲ ಎಂದವರುಂಟು. ಸೀರೆಯುಟ್ಟ ದಿನ ಆಕೆ ಬೆನ್ನು ನೇರಮಾಡಿ ಅಧ್ಯಾಪಿಕೆಯಂತೆ ನಡೆಯುತ್ತಾಳೆ. ಅದನ್ನು ಕಳೆಯಲು ನನಗೆ ಮನಸ್ಸಿಲ್ಲ.

ಅಡಿಗೆ ಈಗ ನನ್ನದು. ಗ್ಯಾಸಿನ ರೆಗ್ಯುಲೇಟರನ್ನು ರಾತ್ರಿ ಬಿಚ್ಚಿ ಬೀರುವಿನಲ್ಲಿಡುತ್ತೇನೆ. ಆದರೆ ಆಕೆಯನ್ನು ಅಡಿಗೆಮನೆಯಿಂದ ಹೊರಗಿಟ್ಟಿಲ್ಲ. ತಲೆ ಮರೆತದ್ದನ್ನು ಬೆರಳು ಮರೆಯುವುದಿಲ್ಲ. ಕೈಯ ಅಭ್ಯಾಸವನ್ನು ಕಾಪಿಡುವ ಮಿದುಳಿನ ಭಾಗಗಳನ್ನು ಈ ಕಾಯಿಲೆ ತಡವಾಗಿ ಮುಟ್ಟುತ್ತದೆಂದು ವೈದ್ಯರೂ ಹೇಳುತ್ತಾರೆ. ಮಾಗಿಯಲ್ಲಿ ಸೊಗಡಿನ ಅವರೆಕಾಯಿ ಬಂತೆಂದರೆ ಆಕೆಗೆ ಹಬ್ಬ. ಮೊರದ ಮುಂದೆ ಕೂರಿಸಿದರೆ ಸಿಪ್ಪೆ ಬಿಡಿಸುತ್ತಾಳೆ. ಕಾಳನ್ನು ನೆನೆಹಾಕಿ ಕೊಟ್ಟರೆ ಹಿದುಕುತ್ತಾಳೆ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಕಾಳು ಚಿಮ್ಮಿ ಪಾತ್ರೆಗೆ ಬೀಳುವಾಗ ಒಂದೂ ಗುರಿ ತಪ್ಪುವುದಿಲ್ಲ. ಇದು ಅವರೆ ಎಂಬ ಪದ ಆಕೆಗೆ ಸಿಗದು. “ಅದು, ಅದು” ಎನ್ನುತ್ತಾಳೆ. ಹೋದ ವರ್ಷ ನಾವಿಬ್ಬರೂ ತಿನ್ನುವುದಕ್ಕಿಂತ ನಾಲ್ಕು ಪಟ್ಟು ಅವರೆಕಾಯಿ ತಂದೆ. ಅಕ್ಕಪಕ್ಕದ ಮೂರು ಮನೆಗಳಿಗೆ ಹಿದಕಿದ ಬೇಳೆ ಹೋಯಿತು. ಕೊಟ್ಟು ಬಂದಾಗ, “ಟೀಚರ್ ಮಾಡಿಕೊಟ್ಟದ್ದು” ಎಂದು ಅವರು ಹೇಳುವುದನ್ನು ಆಕೆ ಕೇಳುತ್ತಾಳೆ.

ಸಂಜೆಯ ಹೊತ್ತು ಕಷ್ಟ. ಬೆಳಕು ಇಳಿಯುತ್ತಲೇ ಆಕೆಗೆ ಕಳವಳ ಶುರುವಾಗುತ್ತದೆ. “ಮನೆಗೆ ಹೋಗೋಣ ನಡೀರಿ” ಎನ್ನುತ್ತಾಳೆ. ಇದೇ ಮನೆಯಲ್ಲವೆ ಎಂದು ಎಷ್ಟೋ ದಿನ ವಾದಿಸಿದೆ. ಸಾಲದ ಪತ್ರ ತೋರಿಸಿದ ಮೂರ್ಖತನವೂ ಉಂಟು. ಈಗ ಚಪ್ಪಲಿ ಮೆಟ್ಟಿಸಿ ಹೊರಡುತ್ತೇನೆ. ಬೀದಿಯ ತುದಿಯ ಅಶ್ವತ್ಥಕಟ್ಟೆಯನ್ನು ಬಳಸಿಕೊಂಡು ಬಂದು, ನಮ್ಮ ಬಾಗಿಲಲ್ಲೇ ನಿಂತು “ಬಂತು ನೋಡು ಮನೆ” ಎನ್ನುತ್ತೇನೆ. ಹೆಚ್ಚಿನ ದಿನ ಒಪ್ಪುತ್ತಾಳೆ. ಒಮ್ಮೆ ನಾನು ಹಿತ್ತಿಲಿನಲ್ಲಿದ್ದಾಗ ಒಬ್ಬಳೇ ಹೊರಟುಹೋದಳು. 3 ಗಂಟೆಯ ಕಾಲ ನಾನು ಪಟ್ಟ ಪಾಡು ಬೇಡ. ತಾನು ಪಾಠ ಹೇಳುತ್ತಿದ್ದ ಶಾಲೆಯ ಬಸ್‌ನಿಲ್ದಾಣದಲ್ಲಿ, ಹೆಗಲಿಗೆ ಖಾಲಿ ಚೀಲ ಹಾಕಿಕೊಂಡು ಕುಳಿತಿದ್ದಳು. ಹೂ ಮಾರುವಾಕೆ ಗುರುತು ಹಿಡಿದು, ತನ್ನ ಬುಟ್ಟಿಯ ಪಕ್ಕದಲ್ಲಿ ಕೂರಿಸಿಕೊಂಡು, ಮುಡಿಗೆ ಒಂದು ಮೊಳ ಮಲ್ಲಿಗೆ ಮುಡಿಸಿ, ನನಗೆ ಹೇಳಿಕಳಿಸಿದ್ದಳು. ಹಣ ಕೊಡಹೋದರೆ, “ನಮ್ಮ ಹುಡುಗನಿಗೆ ಲೆಕ್ಕ ಹೇಳಿಕೊಟ್ಟ ಟೀಚರಮ್ಮ ಸಾಮಿ” ಎಂದು ತೆಗೆದುಕೊಳ್ಳಲಿಲ್ಲ.

ಪಿಂಚಣಿಗೆ ಸಂಬಂಧಿಸಿದ ಕಾಗದವೊಂದಕ್ಕೆ ಆಕೆಯ ಸಹಿ ಬೇಕಾಗಿತ್ತು. ಸಹಿ ಹಳೆಯದಕ್ಕೆ ಹೊಂದುತ್ತಿಲ್ಲವೆಂದು ಹೆಬ್ಬೆಟ್ಟು ಒತ್ತಿಸಿದರು. ಎಷ್ಟೋ ಮಕ್ಕಳ ಕೈಯಲ್ಲಿ ಲೇಖನಿ ಹಿಡಿಸಿದ ಕೈ. ಮಸಿಯಾದ ಬೆರಳನ್ನು ಆಕೆ ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದಳು. ನಾನು ಕರವಸ್ತ್ರದಿಂದ ಒರೆಸಿದೆ. ಒಂದೆರಡು ದಿನ ಆ ಮಸಿ ಉಗುರಿನ ಸಂದಿನಲ್ಲಿ ಉಳಿದೇ ಇತ್ತು.

ನನ್ನನ್ನು ದೊಡ್ಡ ತಾಳ್ಮೆಯವನೆಂದು ನೀವು ತಿಳಿಯಬಾರದು. ಒಂದು ರಾತ್ರಿ, ನಿದ್ದೆಯಿಲ್ಲದ ಮೂರನೆಯ ರಾತ್ರಿ ಅದು, ಆಕೆ ಬಾಗಿಲಿನ ಚಿಲಕವನ್ನು ಬಡಿಯುತ್ತಿದ್ದಳು. ನಾನು ಕೈಹಿಡಿದು ಜೋರಾಗಿ ಎಳೆದೆ. ಎರಡು ಗಾಜಿನ ಬಳೆ ಒಡೆದು ಮುಂಗೈಯಲ್ಲಿ ರಕ್ತ ಬಂತು. ಆಕೆ ಯಾರೋ ಅಪರಿಚಿತನನ್ನು ನೋಡುವಂತೆ ನನ್ನನ್ನು ನೋಡಿ, “ನಮ್ಮನೆಯವರಿಗೆ ಹೇಳ್ತೀನಿ” ಎಂದಳು. ಬೆಳಗಾಗುವ ಹೊತ್ತಿಗೆ ಆಕೆಗೆ ಅದು ಮರೆತಿತ್ತು. ಈ ಕಾಯಿಲೆಯಲ್ಲಿ ಮರೆಯುವ ಭಾಗ್ಯ ಒಬ್ಬರಿಗೆ ಮಾತ್ರ. ಅದಾದ ಮೇಲೆ ಎದುರುಮನೆಯ ಹೆಣ್ಣುಮಗಳೊಬ್ಬಳನ್ನು ದಿನಕ್ಕೆ 2 ಗಂಟೆ ಸಂಬಳಕ್ಕೆ ಗೊತ್ತುಮಾಡಿದೆ. ಆ ಹೊತ್ತು ನಾನು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಹೋಗಿ ಕೂರುತ್ತೇನೆ. ಏನೂ ಮಾಡುವುದಿಲ್ಲ. ಮೊದಮೊದಲು ಅದು ಪಾಪವೆನಿಸುತ್ತಿತ್ತು. ನನ್ನಂತೆಯೇ ಮನೆಯೊಳಗೆ ಇಂಥವರನ್ನು ಇಟ್ಟುಕೊಂಡು ಈ ಮಾತನ್ನು ಕೇಳುತ್ತಿರುವವರು ಇದ್ದರೆ, ಹೀಗೆ ಹೊರಗೆ ಹೋಗಿ ಕೂರುವುದನ್ನು ದಯಮಾಡಿ ಕಲಿಯಿರಿ.

ಈಚೆಗೆ ಕನ್ನಡಿಯೂ ಒಂದು ಸಮಸ್ಯೆಯಾಗಿದೆ. ಆಕೆಗೀಗ 59. ತನ್ನ ಮನಸ್ಸಿನಲ್ಲಿ ಇನ್ನೂ 30ರ ಪ್ರಾಯದಲ್ಲಿರುವವಳಿಗೆ ಕನ್ನಡಿಯೊಳಗಿನ ನರೆಗೂದಲ ಹೆಂಗಸಿನ ಗುರುತಾದರೂ ಹೇಗೆ ಹತ್ತೀತು? ಒಂದು ಮಧ್ಯಾಹ್ನ ಓಡಿಬಂದು, “ರೀ, ಯಾರೋ ಮುತ್ತೈದೆ ಬಂದಿದಾರೆ, ಆಗಿನಿಂದ ನಿಂತೇ ಇದಾರೆ, ಕಾಫಿ ಕೊಡಬಾರದೆ?” ಎಂದು ನನ್ನನ್ನು ಗದರಿದಳು. ಬೀರುವಿನ ಕನ್ನಡಿಗೆ ಟವೆಲು ಹೊದಿಸಿಬಿಡಬಹುದಿತ್ತು. ಬಂದವಳನ್ನು ಹೊರಗೆ ಹಾಕಿದಂತಾಗುತ್ತದೆ ಎನಿಸಿತು. ಮೂರು ಲೋಟ ಕಾಫಿ ಬೆರೆಸಿದೆ. ಒಂದನ್ನು ಕನ್ನಡಿಯ ಮುಂದೆ ಸ್ಟೂಲಿನ ಮೇಲಿಟ್ಟೆ. ಆಕೆ ಕುಂಕುಮದ ಬಟ್ಟಲು ತಂದು ಒಡ್ಡಿದಳು, ಒಳಗಿನವಳೂ ಒಡ್ಡಿದಳು. ಇಬ್ಬರೂ ನಕ್ಕರು. ಆ ನಗು ನಾನು ಬಹಳ ದಿನಗಳಿಂದ ಕಾಣದ್ದು. ಬಂದಾಕೆ ಮುಟ್ಟದೆ ಬಿಟ್ಟ ಕಾಫಿಯನ್ನು ಆಮೇಲೆ ನಾನೇ ಕುಡಿದೆ.

ಹಿಟ್ಟಿನ ಬಟ್ಟಲನ್ನು ಆಕೆ ಮುಟ್ಟುತ್ತಿರಲಿಲ್ಲವೆಂದು ಹೇಳಿದೆನಲ್ಲ, ಒಂದು ವರ್ಷದ ಮೇಲೆ ನಾನೇ ಅದನ್ನು ಬೆಳಗ್ಗೆ ಆಕೆಯ ಕೈಗಿಟ್ಟೆ. ಈಗ ಪ್ರತಿದಿನವೂ ಕೊಡುತ್ತೇನೆ. ಚುಕ್ಕಿಯಿಲ್ಲ, ಎಳೆಯಿಲ್ಲ. ಬಾಗಿ ನಿಂತು, ಬೆರಳ ಸಂದಿನಿಂದ ಹಿಟ್ಟನ್ನು ಬಿಡುತ್ತ ಒಂದಿಷ್ಟು ದೂರ ಹೋಗುತ್ತಾಳೆ, ಎಲ್ಲಿಯೋ ನಿಲ್ಲುತ್ತಾಳೆ. ಮೊನ್ನೆ ಹೊಸದಾಗಿ ಬಂದ ಹಾಲಿನ ಹುಡುಗ ಕಾಲು ಸರಿಸಿಕೊಂಡು, “ರಂಗೋಲಿ ಡಬ್ಬಿ ಚೆಲ್ಲಿಹೋಗಿದೆ ಸಾರ್” ಎಂದ. “ಇಲ್ಲಪ್ಪ, ನಮ್ಮ ಮನೆಯವರು ಹಾಕಿದ್ದು” ಎಂದೆ. ಅವನು ಇನ್ನೊಮ್ಮೆ ನೋಡಿ, ತುಳಿಯದಂತೆ ಬಳಸಿಕೊಂಡು ಬಂದು ಹಾಲಿನ ಪೊಟ್ಟಣ ಕೊಟ್ಟು ಹೋದ.